ವಿನಾಯಿತಿ ಪಡೆದ ಸರಕಿನೊಳಗೆ ಉಳಿದ ತೆರಿಗೆ

2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿಯ ಹೊಸ ದರಗಳು ಜಾರಿಗೆ ಬಂದವು. ಆಗ ಕರ್ನಾಟಕ ಹಾಲು ಮಹಾಮಂಡಳ ನಂದಿನಿ ಉತ್ಪನ್ನಗಳ ಬೆಲೆ ಇಳಿಸಿತು. ಆ ದರಪಟ್ಟಿಯನ್ನು ಕಾಗದ, ಪೆನ್ನು ಹಿಡಿದು ಲೆಕ್ಕ ಹಾಕಿದರೆ ಒಂದು ವಿಚಿತ್ರ ಸಂಗತಿ ಕಾಣುತ್ತದೆ. ಲೀಟರ್ ತುಪ್ಪದ ಬೆಲೆ ₹650ರಿಂದ ₹610ಕ್ಕೆ ಬಂತು. ತುಪ್ಪದ ಮೇಲಿನ ತೆರಿಗೆ ಶೇ 12ರಿಂದ ಶೇ 5ಕ್ಕೆ ಇಳಿದಿತ್ತು. ಹಳೆಯ ಬೆಲೆಯಲ್ಲಿ ತೆರಿಗೆ ಕಳೆದರೆ ಉಳಿಯುವುದು ಸುಮಾರು ₹580. ಅದಕ್ಕೆ ಶೇ 5 ಸೇರಿಸಿದರೆ ₹609 ಚಿಲ್ಲರೆ. ಅಂದರೆ ಇಳಿಸಿದ ತೆರಿಗೆ ಬಹುತೇಕ ಪೈಸೆ ಬಿಡದೆ ಕೊಳ್ಳುವವರಿಗೆ ಸಿಕ್ಕಿತು. ಅದೇ ದಿನ ತಿಂಗಳುಗಟ್ಟಲೆ ಕೆಡದ ಗುಡ್‌ಲೈಫ್ ಹಾಲು ಲೀಟರಿಗೆ ₹70ರಿಂದ ₹68ಕ್ಕೆ ಇಳಿಯಿತು. ಈ ಹಾಲಿನ ಮೇಲಿದ್ದ ಶೇ 5ರ ತೆರಿಗೆ ಪೂರ್ತಿಯಾಗಿ ರದ್ದಾಗಿತ್ತು. ₹70ರಲ್ಲಿ ತೆರಿಗೆಯ ಪಾಲು ₹3.33, ಇಳಿದದ್ದು ₹2. ಕೆ.ಜಿ. ಪನೀರ್ ₹425ರಿಂದ ₹408ಕ್ಕೆ ಬಂತು. ತೆರಿಗೆಯ ಪಾಲು ₹20, ಇಳಿದದ್ದು ₹17. ಅಮುಲ್ ಕೂಡ ಇದೇ ಬಗೆಯ ಹಾಲನ್ನು ₹77ರಿಂದ ₹75ಕ್ಕೆ ಇಳಿಸಿತು. ಅಲ್ಲಿ ತೆರಿಗೆ ₹3.67 ಇತ್ತು. ತೆರಿಗೆ ಕಡಿಮೆಯಾದ ಸರಕಿನ ಲಾಭ ಪೂರ್ತಿ ತಲುಪಿತು, ತೆರಿಗೆಯೇ ಇಲ್ಲವಾದ ಸರಕಿನ ಲಾಭ ಪೂರ್ತಿ ತಲುಪಲಿಲ್ಲ. ಇದಕ್ಕೆ ಡೇರಿಗಳ ಲಾಭಕೋರತನ ಕಾರಣ ಎನ್ನಲಾಗದು. ತುಪ್ಪ ಮಾರುವುದೂ ಅದೇ ಸಹಕಾರ ಸಂಸ್ಥೆ. ಚಿಲ್ಲರೆ ಸರಿಹೊಂದಿಸುವುದು ಸ್ವಲ್ಪ ಮಟ್ಟಿಗೆ ಕಾರಣವಿದ್ದೀತು. ಆದರೆ ಮೂರೂ ಕಡೆ ಕೊರತೆ ಒಂದೇ ದಿಕ್ಕಿಗೆ ಬಿದ್ದಿರುವುದಕ್ಕೆ ಕಾರಣವನ್ನು ಜಿಎಸ್‌ಟಿಯ ರಚನೆಯಲ್ಲೇ ಹುಡುಕಬೇಕು.

ಜಿಎಸ್‌ಟಿ ಪ್ರತಿ ಹಂತದಲ್ಲೂ ವಸೂಲಾಗುವ ತೆರಿಗೆ. ತಯಾರಕರು ಕಚ್ಚಾವಸ್ತು, ಪ್ಯಾಕಿಂಗ್ ಸಾಮಗ್ರಿ, ಯಂತ್ರ, ಸಾಗಣೆಗಳಿಗೆ ಕಟ್ಟಿದ ತೆರಿಗೆಯನ್ನು ತಮ್ಮ ಮಾರಾಟದ ತೆರಿಗೆಯಲ್ಲಿ ಕಳೆದುಕೊಂಡು ಉಳಿದದ್ದನ್ನು ಸರ್ಕಾರಕ್ಕೆ ಕಟ್ಟುತ್ತಾರೆ. ಇದೇ ಹೂಡುವಳಿ ತೆರಿಗೆ ಜಮೆ, ವ್ಯಾಪಾರಿಗಳ ಮಾತಿನಲ್ಲಿ ಐಟಿಸಿ. ಮಾರುವ ಸರಕಿಗೆ ವಿನಾಯಿತಿ ಸಿಕ್ಕರೆ ಈ ಜಮೆಯ ಹಕ್ಕು ಹೋಗುತ್ತದೆ. ಕಟ್ಟಿದ ತೆರಿಗೆ ತಯಾರಕರ ಖರ್ಚಾಗಿ ಉಳಿಯುತ್ತದೆ, ಆಮೇಲೆ ಬೆಲೆಯೊಳಗೆ ಸೇರುತ್ತದೆ. ಬಿಲ್ಲಿನಲ್ಲಿ ತೆರಿಗೆಯ ಸಾಲು ಇರುವುದಿಲ್ಲ, ತೆರಿಗೆ ಮಾತ್ರ ಇರುತ್ತದೆ. ಒಂದು ಸರಳ ಲೆಕ್ಕ ಹಾಕೋಣ. ತೆರಿಗೆ ಬಿಟ್ಟು ₹100 ಬೆಲೆಯ ಸರಕೊಂದಕ್ಕೆ ₹60ರ ಕಚ್ಚಾವಸ್ತು ಬೇಕು, ಅದರ ಮೇಲೆ ಶೇ 18ರಂತೆ ₹10.80 ತೆರಿಗೆ ಇದೆ ಎಂದುಕೊಳ್ಳಿ. ಸರಕಿಗೆ ವಿನಾಯಿತಿ ಕೊಟ್ಟರೆ ತಯಾರಕರಿಗೆ ಅದರ ಬೆಲೆ ₹110.80 ಬೀಳುತ್ತದೆ. ಅದೇ ಸರಕಿಗೆ ಶೇ 5 ತೆರಿಗೆ ಹಾಕಿ ಜಮೆಯ ಹಕ್ಕು ಉಳಿಸಿದರೆ ಬೆಲೆ ₹105. ಕಚ್ಚಾವಸ್ತುವಿನ ದರ ಸಿದ್ಧವಸ್ತುವಿನ ದರಕ್ಕಿಂತ ಹೆಚ್ಚಿದ್ದರೆ ಕೂಡಿಬಿದ್ದ ಜಮೆಯನ್ನು ಮರುಪಾವತಿ ಮಾಡಲು ಕಾನೂನಿನಲ್ಲಿ ಈಗಲೇ ಅವಕಾಶವಿದೆ. ಆ ಅವಕಾಶ ಶೇ 5ರ ಸರಕಿಗೆ ಉಂಟು, ವಿನಾಯಿತಿ ಪಡೆದ ಸರಕಿಗೆ ಇಲ್ಲ. ಕೆಲವು ಸರಕುಗಳಲ್ಲಿ ತೆರಿಗೆ ಹಾಕುವುದೇ ತೆರಿಗೆ ಬಿಡುವುದಕ್ಕಿಂತ ಅಗ್ಗ ಎಂಬುದನ್ನು ನಮ್ಮ ಸಾರ್ವಜನಿಕ ಚರ್ಚೆ ಇನ್ನೂ ಗಂಭೀರವಾಗಿ ಎತ್ತಿಕೊಂಡಿಲ್ಲ.

ಸ್ಯಾನಿಟರಿ ನ್ಯಾಪ್‌ಕಿನ್ ವಿಷಯದಲ್ಲಿ ನಡೆದದ್ದು ಇದಕ್ಕೆ ಸ್ಪಷ್ಟ ಉದಾಹರಣೆ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಅದರ ಮೇಲೆ ಶೇ 12 ತೆರಿಗೆ ಇತ್ತು. ಹೆಣ್ಣುಮಕ್ಕಳ ಆರೋಗ್ಯದ ವಸ್ತುವಿಗೆ ತೆರಿಗೆ ಹಾಕುವುದೇ ಅನ್ಯಾಯ ಎಂಬ ಕೂಗು ಎದ್ದಿತು, ಆ ಕೂಗು ನ್ಯಾಯವಾಗಿತ್ತು. ಆಗ ಹಣಕಾಸು ಸಚಿವಾಲಯ ಕೊಟ್ಟ ಸ್ಪಷ್ಟನೆಯಲ್ಲಿ ನ್ಯಾಪ್‌ಕಿನ್‌ಗೆ ಬೇಕಾಗುವ ಕಚ್ಚಾವಸ್ತುಗಳ ಪಟ್ಟಿಯೇ ಇತ್ತು: ದ್ರವ ಹೀರುವ ಪಾಲಿಮರ್, ಪಾಲಿಥೀನ್ ಹಾಳೆ, ಅಂಟಿಗೆ ಶೇ 18, ಮರದ ತಿರುಳು, ನೇಯ್ಗೆಯಿಲ್ಲದ ಬಟ್ಟೆಗೆ ಶೇ 12. ಸಿದ್ಧವಸ್ತುವಿಗೆ ವಿನಾಯಿತಿ ಕೊಟ್ಟರೆ ದೇಶಿ ತಯಾರಕರಿಗೆ ಜಮೆ ಸಿಗುವುದಿಲ್ಲ, ಆಮದು ಸರಕಿಗೆ ಅನುಕೂಲವಾಗುತ್ತದೆ ಎಂದು ಸಚಿವಾಲಯ ವಾದಿಸಿತು. ಆ ವಾದದಲ್ಲಿ ತಪ್ಪಿರಲಿಲ್ಲ. ಹೊರದೇಶದ ಕಾರ್ಖಾನೆ ರಫ್ತು ಮಾಡುವಾಗ ತನ್ನ ದೇಶದಲ್ಲಿ ಕಟ್ಟಿದ ತೆರಿಗೆಯನ್ನು ವಾಪಸ್ ಪಡೆಯುತ್ತದೆ, ಇಲ್ಲಿಯೂ ಜಿಎಸ್‌ಟಿ ಕಟ್ಟುವುದಿಲ್ಲ. ಇಲ್ಲಿ ಯಂತ್ರ ಹಾಕಿ ಕೆಲಸ ಕೊಡುವ ಸಣ್ಣ ಘಟಕ ಮಾತ್ರ ಕಚ್ಚಾವಸ್ತುವಿನ ಮೇಲೆ ಕಟ್ಟಿದ ಒಳತೆರಿಗೆಯ ಹೊರೆ ಹೊರುತ್ತದೆ. ಒಂದು ವರ್ಷದ ನಂತರ, 2018ರ ಜುಲೈನಲ್ಲಿ, ಜಿಎಸ್‌ಟಿ ಮಂಡಳಿ ಅದೇ ವಿನಾಯಿತಿಯನ್ನು ಕೊಟ್ಟಿತು. ಬೇಡಿಕೆ ಸರಿಯಾಗಿತ್ತು, ಉತ್ತರ ತಪ್ಪಾಗಿತ್ತು. ಹೆಣ್ಣುಮಕ್ಕಳು ಕೇಳಿದ್ದು ತೆರಿಗೆಯಿಲ್ಲದ ನ್ಯಾಪ್‌ಕಿನ್. ಸಿಕ್ಕಿದ್ದು ತೆರಿಗೆ ಕಾಣದ ನ್ಯಾಪ್‌ಕಿನ್.

ಸರ್ಕಾರಕ್ಕೆ ಇದು ಗೊತ್ತಿಲ್ಲ ಎನ್ನುವಂತಿಲ್ಲ. 2021ರ ಮೇ ತಿಂಗಳಲ್ಲಿ ಕೋವಿಡ್ ಚಿಕಿತ್ಸೆಯ ಉಪಕರಣ ಮತ್ತು ಔಷಧಗಳಿಗೆ ತೆರಿಗೆ ವಿನಾಯಿತಿ ಕೊಡಿ ಎಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಮಮತಾ ಬ್ಯಾನರ್ಜಿ ಪತ್ರ ಬರೆದರು. ಲಸಿಕೆಗೆ ಪೂರ್ಣ ವಿನಾಯಿತಿ ಕೊಟ್ಟರೆ ತಯಾರಕರು ಒಳತೆರಿಗೆಯನ್ನು ಬೆಲೆಗೆ ಸೇರಿಸುತ್ತಾರೆ, ಶೇ 5 ಇರುವುದೇ ಜನರಿಗೆ ಒಳ್ಳೆಯದು ಎಂದು ಕೇಂದ್ರ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಉತ್ತರಿಸಿದರು. ಆ ತರ್ಕ ಲಸಿಕೆಗೆ ಸರಿಯಾದರೆ 2025ರಲ್ಲಿ ವಿನಾಯಿತಿ ಪಡೆದ ನೋಟ್‌ಬುಕ್, ವೈಯಕ್ತಿಕ ಆರೋಗ್ಯ ವಿಮೆಗೂ ಸರಿಯೇ. ವಿಮಾ ಕಂಪನಿಗಳು ಕಳೆದುಕೊಂಡ ಜಮೆಯ ಹೊರೆಯನ್ನು ಏಜೆಂಟರ ಕಮಿಷನ್ ಮೇಲೆ ಹಾಕಲು ಹೊರಟದ್ದು ಸುದ್ದಿಯಾಯಿತು. ನೋಟ್‌ಬುಕ್‌ಗೆ ಬಳಸುವ ಕಾಗದಕ್ಕೂ ವಿನಾಯಿತಿ ಕೊಟ್ಟು ತೊಂದರೆಯನ್ನು ಒಂದು ಮೆಟ್ಟಿಲು ಮೇಲಕ್ಕೆ, ಕಾಗದದ ಗಿರಣಿಗೆ ತಳ್ಳಲಾಯಿತು. ಅದೇ ಬಗೆಯ ಕಾಗದವನ್ನು ಬೇರೆ ಕೆಲಸಕ್ಕೆ ಮಾರಿದರೆ ಶೇ 18 ತೆರಿಗೆ. ಕಾಗದ ಕೊನೆಗೆ ಏನಾಗುತ್ತದೆ ಎಂಬುದರ ಮೇಲೆ ಅದರ ತೆರಿಗೆ ನಿಂತರೆ ವಿವಾದ ಹುಟ್ಟದೆ ಇರುವುದಿಲ್ಲ.

ವಿನಾಯಿತಿಯ ಗಡಿ ಎಳೆಯುವುದೂ ಅಷ್ಟೇ ಕಷ್ಟ. ಅಕ್ಕಿ, ಹಿಟ್ಟುಗಳಿಗೆ ಮೊದಲು ನೋಂದಾಯಿತ ಬ್ರ್ಯಾಂಡ್ ಇದ್ದರೆ ಮಾತ್ರ ತೆರಿಗೆ ಇತ್ತು. ಬ್ರ್ಯಾಂಡಿನ ಹಕ್ಕನ್ನೇ ಬಿಟ್ಟುಕೊಟ್ಟು ತೆರಿಗೆ ತಪ್ಪಿಸಿಕೊಳ್ಳುವುದು ಹೆಚ್ಚಿದಾಗ, 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಅಂಟಿಸಿದ 25 ಕೆ.ಜಿ.ವರೆಗಿನ ಎಲ್ಲ ಚೀಲಗಳಿಗೂ ಶೇ 5 ಬಂತು. ಮಾರುಕಟ್ಟೆಗೆ 26 ಕೆ.ಜಿ. ಅಕ್ಕಿ ಚೀಲಗಳು ಬಂದವು. ದೊಡ್ಡ ಚೀಲ ಒಯ್ಯುವ ಶಕ್ತಿ ಇರುವ ಮನೆಗೆ ತೆರಿಗೆಯಿಲ್ಲ. ವಾರದ ಕೂಲಿ ಕೈಗೆ ಬಂದಮೇಲೆ 5 ಕೆ.ಜಿ. ಪ್ಯಾಕೆಟ್ ಕೊಳ್ಳುವ ಮನೆಗೆ ತೆರಿಗೆ. ಅದೇ ದಿನದಿಂದ ಪ್ಯಾಕೆಟ್ ಮೊಸರು, ಮಜ್ಜಿಗೆಗೂ ಶೇ 5 ಬಿದ್ದು ಕರ್ನಾಟಕದಲ್ಲಿ ಗದ್ದಲವಾಯಿತು. ಮೂರು ವರ್ಷ ಕಳೆದ ಮೇಲೆ ಪ್ಯಾಕೆಟ್ ಪನೀರ್ ತೆರಿಗೆಯಿಂದ ಹೊರಬಂತು, ಪ್ಯಾಕೆಟ್ ಮೊಸರು ಶೇ 5ರಲ್ಲೇ ಉಳಿಯಿತು. ಹಾವೇರಿಯ ಕೂಲಿಕಾರರ ಊಟದಲ್ಲಿ ಮೊಸರು, ಮಜ್ಜಿಗೆ ಇರುತ್ತದೆಯೇ, ಪನೀರ್ ಇರುತ್ತದೆಯೇ ಎಂದು ಕೇಳಿದ್ದರೆ ಈ ಪಟ್ಟಿ ಬೇರೆ ಇರುತ್ತಿತ್ತು. ನಿತ್ಯಬಳಕೆಯ ವಸ್ತು ಯಾವುದು ಎಂಬುದನ್ನು ಬಡವರ ತಟ್ಟೆ ನೋಡಿ ನಿರ್ಧರಿಸುವ ಕ್ರಮ ನಮ್ಮಲ್ಲಿಲ್ಲ. ಯಾರ ಮನವಿ ಜೋರಾಗಿದೆ ಎಂಬುದೇ ಎಷ್ಟೋ ಸಲ ತೀರ್ಮಾನ ಮಾಡುತ್ತದೆ.

ಇಷ್ಟು ಹೇಳಿದ ಮೇಲೆ ಬಲವಾದ ಆಕ್ಷೇಪಕ್ಕೆ ಉತ್ತರಿಸಲೇಬೇಕು. ಮಾರಾಟ ತೆರಿಗೆ ಬಡವರಿಗೆ ಹೆಚ್ಚು ಭಾರ. ಆದಾಯದ ಬಹುಪಾಲು ಅವರು ಖರ್ಚು ಮಾಡುತ್ತಾರೆ, ಖರ್ಚಿನ ಬಹುಪಾಲು ಆಹಾರಕ್ಕೆ ಹೋಗುತ್ತದೆ. 2023–24ರ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದ ತಲಾ ಮಾಸಿಕ ವೆಚ್ಚ ₹4,122, ಅದರಲ್ಲಿ ಆಹಾರಕ್ಕೆ ಶೇ 47. ನಗರದಲ್ಲಿ ₹6,996, ಆಹಾರಕ್ಕೆ ಶೇ 40ರ ಸನಿಹ. ಆಹಾರದ ತೆರಿಗೆ ಹಳ್ಳಿಗೆ ಹೆಚ್ಚು ಚುಚ್ಚುತ್ತದೆ ಎಂಬುದನ್ನು ಈ ಅಂಕಿಗಳೇ ಹೇಳುತ್ತವೆ. ಆದರೆ ಅದೇ ಅಂಕಿಗಳನ್ನು ರೂಪಾಯಿಯಲ್ಲಿ ಓದಿ: ಹಳ್ಳಿಯಲ್ಲಿ ಒಬ್ಬರ ಆಹಾರ ವೆಚ್ಚ ಸುಮಾರು ₹1,940, ನಗರದಲ್ಲಿ ₹2,775. ಆಹಾರದ ಮೇಲೆ ಎಲ್ಲರಿಗೂ ಒಂದೇ ಬಗೆಯ ರಿಯಾಯಿತಿ ಕೊಟ್ಟರೆ ಖಜಾನೆ ಬಿಟ್ಟುಕೊಡುವ ಪ್ರತಿ ನೂರು ರೂಪಾಯಿಯಲ್ಲಿ ತಲಾ ಲೆಕ್ಕದಲ್ಲಿ ಹೆಚ್ಚಿನದು ಉಳ್ಳವರ ಕಡೆ ಹೋಗುತ್ತದೆ. ಪನೀರ್, ತಿಂಗಳುಗಟ್ಟಲೆ ಕೆಡದ ಹಾಲಿನಂಥ ಸರಕಿನಲ್ಲಿ ಆ ವಾಲಿಕೆ ಇನ್ನೂ ಹೆಚ್ಚಿರಲೇಬೇಕು. ಇದಕ್ಕಾಗಿಯೇ ನ್ಯೂಜಿಲೆಂಡ್ 1986ರಲ್ಲಿ ಜಿಎಸ್‌ಟಿ ತಂದಾಗ ಆಹಾರವನ್ನೂ ತೆರಿಗೆಯೊಳಗೆ ಇಟ್ಟು, ಬಡ ಕುಟುಂಬಗಳ ನೆರವನ್ನು ಬೇರೆಯಾಗಿ ಹೆಚ್ಚಿಸಿತು. ಆ ದಾರಿ ಅಲ್ಲಿ ನಡೆದಿದೆ. ಹಾಗೆಂದು ಅದನ್ನು ಇಲ್ಲಿಗೆ ಇದ್ದಹಾಗೆ ತರಲು ನಾನು ಹೇಳುವುದಿಲ್ಲ. ಇಲ್ಲಿ ತೆರಿಗೆ ತಕ್ಷಣ ಬೀಳುತ್ತದೆ, ನೆರವು ಆಧಾರ್, ಬ್ಯಾಂಕ್ ಖಾತೆ, ಪಡಿತರ ಚೀಟಿಗಳ ಬಾಗಿಲು ದಾಟಿ ಬರಬೇಕು. ಚೀಟಿ ಇಲ್ಲದ ವಲಸೆ ಕಾರ್ಮಿಕರಿಗೆ ಅದು ಬರುವುದೇ ಇಲ್ಲ. ನೆರವನ್ನು ಮುಂದಿನ ಬಜೆಟ್ ಕಡಿತ ಮಾಡಬಹುದು; ಅಂಗಡಿಯ ಬೆಲೆ ಎಲ್ಲರಿಗೂ ಒಂದೇ, ಅದಕ್ಕೆ ಅರ್ಜಿ ಬೇಕಿಲ್ಲ. ಅವಶ್ಯಕ ವಸ್ತುಗಳಿಗೆ ತೆರಿಗೆಯಲ್ಲೇ ರಕ್ಷಣೆ ಇರಬೇಕು ಎಂಬ ಬೇಡಿಕೆಯನ್ನು ನಾನು ಒಪ್ಪುವುದು ಈ ಕಾರಣಕ್ಕೆ.

ಒಪ್ಪಿದ ಮೇಲೆ ಆ ರಕ್ಷಣೆ ನಿಜವಾಗಿರಬೇಕು. ದಕ್ಷಿಣ ಆಫ್ರಿಕಾದ ವ್ಯಾಟ್‌ನಲ್ಲಿ ಮೆಕ್ಕೆಜೋಳದ ಹಿಟ್ಟು, ಕಂದು ಬ್ರೆಡ್, ಅಕ್ಕಿ, ಬೇಳೆ, ಹಾಲು, ಮೊಟ್ಟೆಯಂಥ ಕೆಲವೇ ಆಹಾರ ವಸ್ತುಗಳಿಗೆ ಶೂನ್ಯ ದರವಿದೆ. ದರ ಶೂನ್ಯ, ಜಮೆಯ ಹಕ್ಕು ಪೂರ್ತಿ. ಒಳಗೆ ಕಟ್ಟಿದ ತೆರಿಗೆಯನ್ನು ಸರ್ಕಾರ ವಾಪಸ್ ಕೊಡುತ್ತದೆ. 2018ರಲ್ಲಿ ವ್ಯಾಟ್ ದರ ಶೇ 14ರಿಂದ 15ಕ್ಕೆ ಏರಿದಾಗ ಈ ಪಟ್ಟಿಯನ್ನು ಮರುಪರಿಶೀಲಿಸಲು ತಜ್ಞರ ಸಮಿತಿ ಕೂತಿತು. 2019ರ ಏಪ್ರಿಲ್‌ನಲ್ಲಿ ಸ್ಯಾನಿಟರಿ ಪ್ಯಾಡ್ ಮತ್ತು ಎರಡು ಬಗೆಯ ಗೋಧಿ ಹಿಟ್ಟು ಪಟ್ಟಿಗೆ ಸೇರಿದವು. ಸಮಿತಿ ಹೇಳಿದ್ದೆಲ್ಲವನ್ನೂ ಅಲ್ಲಿನ ಸರ್ಕಾರ ಒಪ್ಪಲಿಲ್ಲ, ಆದರೆ ಆಯ್ಕೆಗೆ ಒಂದು ಮಾನದಂಡ ಇತ್ತು, ಚರ್ಚೆ ಬಹಿರಂಗವಾಗಿತ್ತು. ನಮ್ಮಲ್ಲಿ ಶೂನ್ಯ ದರ ರಫ್ತಿಗೆ ಮತ್ತು ವಿಶೇಷ ಆರ್ಥಿಕ ವಲಯಗಳಿಗೆ ಸೀಮಿತ. ಹೊರದೇಶದ ಕೊಳ್ಳುಗರಿಗೆ ಒಳತೆರಿಗೆಯಿಲ್ಲದ ಸರಕು ಕಳಿಸುವ ನಾವು ನಮ್ಮ ಹೆಣ್ಣುಮಕ್ಕಳಿಗೆ ಅದೇ ಸೌಲಭ್ಯ ಕೊಡಲಾಗದು ಎನ್ನುವುದನ್ನು ಯಾವ ತತ್ವದ ಮೇಲೆ ಸಮರ್ಥಿಸುವುದು?

ಮರುಪಾವತಿ ಎಂದರೆ ಸುಳ್ಳು ಬಿಲ್, ನಕಲಿ ಕಂಪನಿಗಳ ಕಾಟ ಎಂದು ತೆರಿಗೆ ಇಲಾಖೆ ಹೇಳುತ್ತದೆ. ಭಯ ಸುಳ್ಳಲ್ಲ. ಪಟ್ಟಿ ಚಿಕ್ಕದಾಗಿರಬೇಕು ಎನ್ನುವುದು ಇದಕ್ಕೇ. ನ್ಯಾಪ್‌ಕಿನ್, ಪ್ಯಾಕೆಟ್ ಮೊಸರು, ಮಜ್ಜಿಗೆ, ಚಿಕ್ಕ ಪ್ಯಾಕೆಟ್ಟಿನ ಅಕ್ಕಿ–ಹಿಟ್ಟು, ಶಾಲಾ ನೋಟ್‌ಬುಕ್: ಇವುಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುವವರು ನೋಂದಾಯಿತರು, ಕಚ್ಚಾವಸ್ತುವಿಗೂ ಸಿದ್ಧವಸ್ತುವಿಗೂ ಇರುವ ಪ್ರಮಾಣ ಗೊತ್ತಿರುವಂಥದ್ದು, ತಾಳೆ ನೋಡುವುದು ಸಾಧ್ಯ. ಉಳಿದ ತಯಾರಿತ ವಸ್ತುಗಳು ಜಮೆಯ ಹಕ್ಕಿನೊಂದಿಗೆ ಶೇ 5ರಲ್ಲಿ ಇರಲಿ. ಹೊಲದಿಂದ ನೇರ ಬರುವ ತರಕಾರಿ, ಕಾಳು, ಹಸಿ ಹಾಲಿನ ಮಾತು ಬೇರೆ. ರೈತರಿಂದ ಬಿಲ್ ಕೇಳುವುದು ಆಗದ ಮಾತು, ಅಲ್ಲಿ ವಿನಾಯಿತಿಯೇ ಸರಿ. ಆದರೆ ಜಮೆ ಪಡೆಯಲಾಗದ ರೈತರು ಗೊಬ್ಬರ, ಕೀಟನಾಶಕ, ಯಂತ್ರಗಳಿಗೆ ಕಟ್ಟಿದ ತೆರಿಗೆ ಅವರ ಹೆಗಲ ಮೇಲೇ ಉಳಿಯುತ್ತದೆ. ಆದ್ದರಿಂದ 2025ರಲ್ಲಿ ಟ್ರ್ಯಾಕ್ಟರ್ ತೆರಿಗೆಯನ್ನು ಶೇ 12ರಿಂದ 5ಕ್ಕೆ ತಂದದ್ದು ಟೊಮೆಟೊಗೆ ಇರುವ ವಿನಾಯಿತಿಯಷ್ಟೇ ಮುಖ್ಯವಾದ ಕ್ರಮ. ಆ ದಿಕ್ಕಿನಲ್ಲಿ ಇನ್ನೂ ಹೋಗಬೇಕು.

ಶೂನ್ಯ ದರ ಕೊಟ್ಟ ಮಾತ್ರಕ್ಕೆ ಬೆಲೆ ತಾನಾಗಿ ಇಳಿಯುವುದಿಲ್ಲ. ಬ್ರಿಟನ್ 2021ರ ಜನವರಿಯಲ್ಲಿ ಮುಟ್ಟಿನ ವಸ್ತುಗಳಿಗೆ ಶೂನ್ಯ ದರ ಕೊಟ್ಟಾಗ ಲಾಭದ ಬಹುಪಾಲು ಅಂಗಡಿಗಳಲ್ಲೇ ಉಳಿಯಿತು ಎಂದು ಅಲ್ಲಿನ ಒಂದು ಅಧ್ಯಯನ ಹೇಳಿದೆ. ನಮ್ಮಲ್ಲಿ ತೆರಿಗೆ ಇಳಿಕೆಯ ಲಾಭ ತಲುಪಿಸದವರ ವಿರುದ್ಧ ದೂರು ಕೊಡುವ ವ್ಯವಸ್ಥೆ ಇತ್ತು. 2025ರ ಏಪ್ರಿಲ್ 1ರಿಂದ ಹೊಸ ದೂರು ಸ್ವೀಕರಿಸುವುದು ನಿಂತಿತು, ಆರು ತಿಂಗಳೂ ಕಳೆಯುವ ಮುಂಚೆ ದೊಡ್ಡ ದರ ಇಳಿಕೆ ಬಂತು. ಮಂಡಳಿ ಮೊದಲು ಮಾಡಬೇಕಾದದ್ದು ಆ ಬಾಗಿಲನ್ನು ಮತ್ತೆ ತೆರೆಯುವುದು. ಜೊತೆಗೆ ಈಗ ವಿನಾಯಿತಿಯಲ್ಲಿರುವ ಪ್ರತಿ ತಯಾರಿತ ವಸ್ತುವಿನ ಬೆಲೆಯೊಳಗೆ ಎಷ್ಟು ರೂಪಾಯಿ ತೆರಿಗೆ ಕುಳಿತಿದೆ ಎಂಬ ಲೆಕ್ಕವನ್ನು ಪ್ರಕಟಿಸುವುದು. ಕಚ್ಚಾವಸ್ತುಗಳ ದರಪಟ್ಟಿಯನ್ನು ಸಚಿವಾಲಯ 2017ರಲ್ಲೇ ಜನರ ಮುಂದಿಟ್ಟಿತ್ತು. ನ್ಯಾಪ್‌ಕಿನ್‌ನಿಂದಲೇ ಆ ಲೆಕ್ಕ ಶುರುವಾಗಲಿ.