ಸೂಲಗಿತ್ತಿಯ ಕೈಗುಣ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಹಳ್ಳಿಗಳಲ್ಲಿ ಅರವತ್ತು ದಾಟಿದ ಹಿರಿಯರನ್ನು ‘ನೀವು ಹುಟ್ಟಿದ್ದು ಯಾವ ಆಸ್ಪತ್ರೆಯಲ್ಲಿ?’ ಎಂದು ಕೇಳಿ ನೋಡಿ. ಬಹಳ ಮಂದಿ ನಕ್ಕುಬಿಡುತ್ತಾರೆ. ಅವರು ಹುಟ್ಟಿದ್ದು ಮನೆಯ ಮೂಲೆಯ ಕೋಣೆಯಲ್ಲಿ. ಮೊದಲು ಕೈಗೆತ್ತಿಕೊಂಡವಳು ಊರಿನ ಸೂಲಗಿತ್ತಿ. ‘ಅವಳ ಕೈಗುಣ ಚೆನ್ನಾಗಿದೆ’ ಎಂಬ ಊರವರ ಮಾತೇ ಅವಳಿಗಿದ್ದ ಪ್ರಮಾಣಪತ್ರ. ಕಾಡಂಚಿನ ಹಾಡಿಗಳಲ್ಲಂತೂ ಅವಳನ್ನು ಬಿಟ್ಟರೆ ಬೇರೆ ಗತಿಯಿರಲಿಲ್ಲ. ಇಂಥ ಸಾವಿರಾರು ತಾಯಂದಿರ ಹೆಸರು ಯಾವ ದಾಖಲೆಯಲ್ಲೂ ಇಲ್ಲ. ದಾಖಲೆಗೆ ಬಂದ ಒಬ್ಬರೆಂದರೆ ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ.

ನರಸಮ್ಮ ಹುಟ್ಟಿದ್ದು 1920ರಲ್ಲಿ, ಅಲೆಮಾರಿ ಬುಡಕಟ್ಟು ಸಮುದಾಯವೊಂದರಲ್ಲಿ. ಮನೆಮಾತು ತೆಲುಗು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. 12ನೇ ವಯಸ್ಸಿಗೇ ಮದುವೆ. ಪತಿ ಅಂಜಿನಪ್ಪ. ಒಟ್ಟು 12 ಮಕ್ಕಳನ್ನು ಹೆತ್ತರು; ಅವರಲ್ಲಿ ನಾಲ್ವರು ಚಿಕ್ಕಂದಿನಲ್ಲೇ ತೀರಿಕೊಂಡರು. ಅಜ್ಜಿ ಮರಿಗೆಮ್ಮ ಸೂಲಗಿತ್ತಿಯಾಗಿದ್ದರು. ಅವರ ಜೊತೆ ಹೋಗಿ, ನೋಡಿ, ಕೈಜೋಡಿಸಿ ವಿದ್ಯೆ ಕಲಿತ ನರಸಮ್ಮ, 20ನೇ ವಯಸ್ಸಿಗೆ ಹೆರಿಗೆ ಮಾಡಿಸುವ ಕೆಲಸಕ್ಕೆ ಇಳಿದರು. ಮುಂದಿನ 70 ವರ್ಷಗಳಲ್ಲಿ 15 ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದರು. ಈ ಕೆಲಸಕ್ಕೆ ಅವರು ಹಣ ಪಡೆಯಲಿಲ್ಲ.

15 ಸಾವಿರವನ್ನು 70 ವರ್ಷಕ್ಕೆ ಭಾಗಿಸಿದರೆ ವರ್ಷಕ್ಕೆ ಸುಮಾರು 214. ಅಂದರೆ ಎರಡು ದಿನಕ್ಕೊಂದಕ್ಕಿಂತ ಹೆಚ್ಚು. ಹೆರಿಗೆ ನೋವು ಹೊತ್ತು ನೋಡಿ ಬರುವುದಿಲ್ಲ. ನಡುರಾತ್ರಿ ಯಾರಾದರೂ ಬಾಗಿಲು ಬಡಿದರೆ ಎದ್ದು ಹೊರಡಲೇಬೇಕು. ತನ್ನ ಮನೆಯಲ್ಲಿ ಹಾಲುಗೂಸು ಇದ್ದರೂ, ಒಲೆಯ ಮೇಲೆ ಅನ್ನ ಬೇಯುತ್ತಿದ್ದರೂ ಅದನ್ನು ಬಿಟ್ಟು ನಡೆಯಬೇಕು. ‘ಸೇವೆ’ ಎಂಬ ಪದದ ಅರ್ಥವನ್ನು ನಿಘಂಟಿನಲ್ಲಿ ಹುಡುಕುವ ವಿದ್ಯಾರ್ಥಿಗಳು ಈ ಲೆಕ್ಕವನ್ನೊಮ್ಮೆ ಮಾಡಿ ನೋಡಬಹುದು.

ಹಾಗಾದರೆ ಕೈಗುಣ ಎಂದರೇನು? ನಂಬುವವರಿಗೆ ಅದು ದೇವರು ಕೊಟ್ಟದ್ದು. ಮನೆದೇವರನ್ನು ನೆನೆದು ಹೊರಡುವ ಸೂಲಗಿತ್ತಿಗೂ, ದೀಪ ಹಚ್ಚಿ ಕಾಯುವ ಮನೆಯವರಿಗೂ ಆ ನಂಬಿಕೆಯೇ ಧೈರ್ಯ. ವಿಜ್ಞಾನ ಆ ಧೈರ್ಯವನ್ನು ಹೀಗಳೆಯಬೇಕಾಗಿಲ್ಲ. ಆದರೆ ಕೈಗುಣದೊಳಗೆ ಇನ್ನೇನಿದೆ ಎಂದು ಕೇಳಬೇಕು.

ಮೊದಲನೆಯದು ತಾಳ್ಮೆ. ಹಲವು ಕಡೆ ಸೂಲಗಿತ್ತಿಯರು ಮಗು ಹುಟ್ಟಿದ ಕೂಡಲೇ ಹೊಕ್ಕುಳಬಳ್ಳಿ ಕತ್ತರಿಸುತ್ತಿರಲಿಲ್ಲ; ಮಾಸು ಬೀಳುವವರೆಗೆ ಕಾಯುತ್ತಿದ್ದರು. ಬಳ್ಳಿ ಕತ್ತರಿಸಲು ಒಂದು ನಿಮಿಷವಾದರೂ ಕಾಯಿರಿ ಎಂದು ಇಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಆ ಹೊತ್ತಿನಲ್ಲಿ ಮಾಸಿನಲ್ಲಿದ್ದ ರಕ್ತ ಮಗುವಿಗೆ ಹರಿದು, ಕಬ್ಬಿಣದ ಅಂಶ ಹೆಚ್ಚುತ್ತದೆ.

ಎರಡನೆಯದು ಶುಚಿತ್ವ. ಇಲ್ಲಿ ಎಲ್ಲ ಸೂಲಗಿತ್ತಿಯರೂ ಗೆಲ್ಲಲಿಲ್ಲ. ಕುಡುಗೋಲಿನಿಂದಲೋ ಬಿದಿರಿನ ಸೀಳಿನಿಂದಲೋ ಬಳ್ಳಿ ಕತ್ತರಿಸಿದಾಗ ಮಣ್ಣು, ಸಗಣಿಯಲ್ಲಿರುವ ಧನುರ್ವಾಯು ರೋಗಾಣು ಎಳೆಗೂಸಿನ ಮೈ ಸೇರುತ್ತಿತ್ತು. ಹಳ್ಳಿಯವರಷ್ಟೇ ಅಲ್ಲ, ಯುರೋಪಿನ ದೊಡ್ಡ ವೈದ್ಯರೂ ಇದೇ ತಪ್ಪು ಮಾಡಿದ್ದರು. ವಿಯೆನ್ನಾದ ಆಸ್ಪತ್ರೆಯಲ್ಲಿ ಶವಪರೀಕ್ಷೆ ಮುಗಿಸಿ ನೇರ ಹೆರಿಗೆಗೆ ಬರುತ್ತಿದ್ದ ವೈದ್ಯರಿಗೆ, ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯಿರಿ ಎಂದು 1847ರಲ್ಲಿ ಇಗ್ನಾಜ್ ಸೆಮ್ಮೆಲ್ವೀಸ್ ಕಟ್ಟುನಿಟ್ಟು ಮಾಡಿದ ಮೇಲೆ ಬಾಣಂತಿಯರ ಸಾವು ಥಟ್ಟನೆ ಇಳಿಯಿತು. ಆದರೂ ಅವನ ಮಾತನ್ನು ಬಹಳ ವೈದ್ಯರು ಒಪ್ಪಲಿಲ್ಲ. ನಮ್ಮ ದೇಶದಲ್ಲಿ ತಾಯಂದಿರಿಗೆ ಚುಚ್ಚುಮದ್ದು, ಹೊಸ ಬ್ಲೇಡು, ಶುಚಿಯಾದ ದಾರ ಎಲ್ಲ ಸೇರಿ ಈ ಪಿಡುಗನ್ನು ತಡೆದವು. 2015ರಲ್ಲಿ ಭಾರತ ಬಾಣಂತಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ನಿವಾರಿಸಿದ ದೇಶವೆನಿಸಿತು.

ಇನ್ನು, ಮೊದಲ ದಿನಗಳ ಗಟ್ಟಿ ಹಳದಿ ಹಾಲನ್ನು ‘ಕೆಟ್ಟ ಹಾಲು’ ಎಂದು ಹಿಂಡಿ ಚೆಲ್ಲುವ ರೂಢಿ ನಮ್ಮಲ್ಲಿತ್ತು. ರೋಗನಿರೋಧಕ ಅಂಶಗಳು ತುಂಬಿರುವ ಆ ಹಾಲೇ ಮಗುವಿನ ಮೊದಲ ಲಸಿಕೆ ಎಂದು ವಿಜ್ಞಾನ ತಿಳಿಸಿತು. ಹಳೆಯದೆಲ್ಲ ಹೊನ್ನೂ ಅಲ್ಲ, ಮಣ್ಣೂ ಅಲ್ಲ. ಒರೆಗೆ ಹಚ್ಚಿ ನೋಡಬೇಕು.

ನರಸಮ್ಮನವರ ಹೆತ್ತ ಕರುಳು ಕಂಡ ನಾಲ್ಕು ಸಾವುಗಳೂ ಇದನ್ನೇ ಹೇಳುತ್ತವೆ. ಊರಿನ ಮಕ್ಕಳನ್ನೆಲ್ಲ ಎತ್ತಿಕೊಂಡ ಮನೆತನಕ್ಕೂ ತನ್ನ ಎಲ್ಲ ಮಕ್ಕಳನ್ನು ಉಳಿಸಿಕೊಳ್ಳಲಾಗಲಿಲ್ಲ. ಎಂಥ ಅನುಭವಿಯ ಕೈಯಾದರೂ ವಿಪರೀತ ರಕ್ತಸ್ರಾವವಾದಾಗ ರಕ್ತ ಕೊಡಲಾರದು, ಮಗು ಅಡ್ಡವಾದಾಗ ಶಸ್ತ್ರಚಿಕಿತ್ಸೆ ಮಾಡಲಾರದು. ಆಸ್ಪತ್ರೆ ಬೇಕಾಗುವುದು ಅಲ್ಲೇ. 2001-03ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 228 ತಾಯಂದಿರು ಸಾಯುತ್ತಿದ್ದರು. 2018-20ರ ಹೊತ್ತಿಗೆ ಆ ಸಂಖ್ಯೆ 69ಕ್ಕೆ ಇಳಿಯಿತು. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದ ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗಿವೆ. ಹಾಗೆಂದು 69 ಸಣ್ಣ ಸಂಖ್ಯೆಯಲ್ಲ. ಪ್ರತಿಯೊಂದೂ ತಾಯಿ ಕಳೆದುಕೊಂಡ ಒಂದು ಮನೆ.

ನರಸಮ್ಮನವರಿಗೆ ಗೌರವಗಳು ಬಂದದ್ದು ಇಳಿವಯಸ್ಸಿನಲ್ಲಿ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಡಿ. ದೇವರಾಜ ಅರಸರ ಹೆಸರಿನ ರಾಜ್ಯ ಪ್ರಶಸ್ತಿ ಅವರಿಗೆ ಸಂದಿತು. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷದ ಡಿಸೆಂಬರ್ 25ರಂದು ಬೆಂಗಳೂರಿನ ಆಸ್ಪತ್ರೆಯಲ್ಲಿ, 98ನೇ ವಯಸ್ಸಿನಲ್ಲಿ, ಅವರು ಕೊನೆಯುಸಿರೆಳೆದರು.

ಅವರನ್ನು ನೆನೆಯುವುದೆಂದರೆ ಮನೆಯಲ್ಲೇ ಹೆರಿಗೆ ಮಾಡಿಸಿಕೊಳ್ಳುವುದಲ್ಲ, 12ನೇ ವಯಸ್ಸಿಗೆ ಮದುವೆ ಮಾಡುವುದಂತೂ ಅಲ್ಲವೇ ಅಲ್ಲ. ಹೆಣ್ಣುಮಗಳನ್ನು ಓದಿಸುವುದು, ಬಸುರಿ ಸೊಸೆಗೆ ತಾಯಿ ಕಾರ್ಡ್ ಮಾಡಿಸಿ ತಿಂಗಳ ತಪಾಸಣೆಗೆ ತಪ್ಪದೆ ಕಳಿಸುವುದು, ನೋವು ಶುರುವಾದರೆ ತಡಮಾಡದೆ 108ಕ್ಕೆ ಕರೆ ಮಾಡುವುದು ತಂದೆತಾಯಿಯರ ಪಾಲಿನ ಕೆಲಸ. ವಿದ್ಯಾರ್ಥಿಗಳಿಗೂ ಒಂದು ಕೆಲಸವಿದೆ. ನಿಮ್ಮ ಅಜ್ಜಿಯ ಬಳಿ ಕುಳಿತು, ನಿಮ್ಮ ತಂದೆಯನ್ನೋ ತಾಯಿಯನ್ನೋ ಮೊದಲು ಎತ್ತಿಕೊಂಡ ಕೈ ಯಾರದೆಂದು ಕೇಳಿ. ಆ ಹೆಸರನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಅಜ್ಜಿಯರು ಇರುವಾಗಲೇ ಅದನ್ನು ಮಾಡಬೇಕು. ಆಮೇಲೆ ಹೇಳುವವರು ಸಿಗುವುದಿಲ್ಲ.