ಹ್ಯಾಂಗ್ ಆಯಿತೆಂದು ಸ್ವಿಚ್ಚಿಗೆ ಕೈ ಹಾಕುವ ಮುನ್ನ

ಕಂಪ್ಯೂಟರ್ ಹ್ಯಾಂಗ್ ಆದರೆ ನಮ್ಮಲ್ಲಿ ಇರುವುದು ಒಂದೇ ಮದ್ದು: ಆಫ್ ಮಾಡಿ ಆನ್ ಮಾಡುವುದು. ಮೌಸಿನ ಬಾಣ ಹತ್ತು ಸೆಕೆಂಡು ಅಲುಗಾಡದಿದ್ದರೆ ಸಾಕು, ಕೈ ತಾನಾಗಿ ಪವರ್ ಬಟನ್ನಿಗೆ ಹೋಗುತ್ತದೆ. ಅದಕ್ಕೂ ಬಗ್ಗದಿದ್ದರೆ ಗೋಡೆಯ ಸ್ವಿಚ್ಚು ಇದ್ದೇ ಇದೆ. ಡಿಟಿಪಿ ಅಂಗಡಿ, ಸಹಕಾರ ಸಂಘದ ಕಚೇರಿ, ಶಾಲೆಯ ಲ್ಯಾಬು, ಮನೆ, ಎಲ್ಲ ಕಡೆಯೂ ಇದೇ ಚಿಕಿತ್ಸೆ. ಬಹುತೇಕ ಸಲ ಯಂತ್ರ ಮತ್ತೆ ಏಳುವುದರಿಂದ ಮದ್ದಿನ ಮೇಲಿನ ನಂಬಿಕೆಯೂ ಗಟ್ಟಿಯಾಗುತ್ತದೆ. ಒಂದು ದಿನ ಅದು ಏಳದೇ ಹೋದಾಗ ‘ಹ್ಯಾಂಗ್ ಆಗಿ ಆಗಿ ಹಾರ್ಡ್ ಡಿಸ್ಕ್ ಹೋಯ್ತು’ ಎಂದು ಷರಾ ಬರೆದು ಹೊಸ ಡಿಸ್ಕು ತರುತ್ತೇವೆ. ಈ ಷರಾ ಹೆಚ್ಚಿನ ಸಲ ತಪ್ಪು ಎಂಬುದು ನನ್ನ ವಾದ. ಹ್ಯಾಂಗ್ ಆಗುವುದರಿಂದಲೇ ಡಿಸ್ಕು ಕೆಡುವುದು ತೀರಾ ಅಪರೂಪ. ಹಾಳಾಗುವುದು ಹ್ಯಾಂಗ್ ಆದ ಮೇಲಿನ ಮೊದಲ ಎರಡು ನಿಮಿಷದಲ್ಲಿ ನಾವು ಮಾಡುವ ಕೆಲಸದಿಂದ, ಮತ್ತು ಅದರ ಮರುದಿನ ಮಾಡದೆ ಬಿಡುವ ಕೆಲಸದಿಂದ.

ಮೊದಲು ಯಂತ್ರದ ಮಾತು ಮುಗಿಸಿಬಿಡೋಣ. 1956ರಲ್ಲಿ ಐಬಿಎಂ ಹೊರತಂದ ಮೊದಲ ಹಾರ್ಡ್ ಡಿಸ್ಕಿನಲ್ಲಿ ಎರಡಡಿ ಅಗಲದ 50 ತಟ್ಟೆಗಳಿದ್ದವು. ಅಷ್ಟರಲ್ಲೂ ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ ಮಾತ್ರ. ಇಂದಿನ ಡಿಸ್ಕು ಅಂಗೈಯಲ್ಲಿ ಕೂರುತ್ತದೆ, ಆದರೆ ಒಳಗಿನ ಏರ್ಪಾಡು ಅದೇ: ತಿರುಗುವ ತಟ್ಟೆ, ಅದರ ಮೇಲೆ ತೇಲುವ ಹೆಡ್ಡು. ಡೆಸ್ಕ್‌ಟಾಪ್ ಕಂಪ್ಯೂಟರುಗಳಲ್ಲಿ ಆ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 7,200 ಸುತ್ತು ತಿರುಗುತ್ತದೆ. ಹೆಡ್ಡಿಗೂ ತಟ್ಟೆಗೂ ನಡುವೆ ಇರುವ ಗಾಳಿಯ ಪದರ ಕೆಲವೇ ನ್ಯಾನೊಮೀಟರ್, ತಲೆಗೂದಲಿನ ದಪ್ಪದ ಸುಮಾರು ಹತ್ತು ಸಾವಿರದಲ್ಲೊಂದು ಪಾಲು. 1980ರ ದಶಕದ ಹಲವು ಕಂಪ್ಯೂಟರುಗಳಲ್ಲಿ ಸ್ವಿಚ್ ಆರಿಸುವ ಮೊದಲು ‘ಪಾರ್ಕ್’ ಎಂಬ ಆಜ್ಞೆ ಕೊಟ್ಟು ಹೆಡ್ಡನ್ನು ಪಕ್ಕಕ್ಕೆ ಸರಿಸಬೇಕಿತ್ತು. ಈಗ ಕರೆಂಟು ಹಠಾತ್ತನೆ ಹೋದರೆ, ಇನ್ನೂ ತಿರುಗುತ್ತಿರುವ ತಟ್ಟೆಯ ವೇಗವೇ ಮೋಟಾರನ್ನು ಪುಟ್ಟ ಜನರೇಟರ್ ಮಾಡಿ, ಆ ವಿದ್ಯುತ್ತಿನಲ್ಲೇ ಹೆಡ್ಡು ತನ್ನ ಜಾಗಕ್ಕೆ ಮರಳುತ್ತದೆ. ಕರೆಂಟು ಹೋದ ಕೂಡಲೇ ಕೇಳಿಸುವ ‘ಟಕ್’ ಸದ್ದು ಅದರದ್ದೇ. ಹಾಗಾಗಿ ಸ್ವಿಚ್ ಆರಿಸಿದರೆ ತಟ್ಟೆ ಗೀರಿಹೋಗುತ್ತದೆ ಎಂಬ ಭಯ ಹಳೆಯ ಕಾಲದ್ದು. ಹಾಗೆಂದು ಈ ತುರ್ತು ವಾಪಸಾತಿ ಪುಕ್ಕಟೆಯೇನಲ್ಲ. ಮಾಮೂಲಿ ರೀತಿಯಲ್ಲಿ ಲಕ್ಷಾಂತರ ಸಲ ಒಳಹೊರಗೆ ಓಡಾಡಲು ಕಟ್ಟಿದ ಹೆಡ್ಡು ಇಂಥ ಎಳೆತವನ್ನು ತಾಳುವುದು ಅದಕ್ಕಿಂತ ಬಹಳ ಕಡಿಮೆ ಸಲ. ಡಿಸ್ಕುಗಳು ತಮ್ಮ ಆರೋಗ್ಯದ ದಾಖಲೆಯಲ್ಲಿ ಅದಕ್ಕೊಂದು ಪ್ರತ್ಯೇಕ ಲೆಕ್ಕ ಇಟ್ಟುಕೊಳ್ಳುವುದು ಸುಮ್ಮನೆ ಅಲ್ಲ. ಇನ್ನು ಸಿಟ್ಟಿಗೆದ್ದು ಸಿಪಿಯು ಡಬ್ಬಕ್ಕೆ ಬಾರಿಸುವ, ಲ್ಯಾಪ್‌ಟಾಪನ್ನು ಮೇಜಿಗೆ ಕುಕ್ಕುವ ಚಾಳಿಯ ಬಗ್ಗೆ ಹೇಳುವುದಾದರೆ, ನಿಂತ ಡಿಸ್ಕು ತಾಳುವ ಏಟಿನ ಒಂದು ಪಾಲನ್ನಷ್ಟೇ ಓಡುವ ಡಿಸ್ಕು ತಾಳುತ್ತದೆ. ಹ್ಯಾಂಗ್ ಆದ ಕಂಪ್ಯೂಟರಿನಲ್ಲಿ ಪರದೆ ನಿಂತಿರುತ್ತದೆಯೇ ಹೊರತು ಡಿಸ್ಕು ನಿಂತಿರುವುದಿಲ್ಲ.

ನಿಜವಾದ ಅಪಾಯ ಇರುವುದು ದಾರಿಯಲ್ಲಿರುವ ಮಾಹಿತಿಗೆ. ‘ಸೇವ್’ ಒತ್ತಿದ ಕೂಡಲೇ ಅಕ್ಷರಗಳು ತಟ್ಟೆಯ ಮೇಲೆ ಕೂತವು ಎಂದು ನಾವೆಲ್ಲ ತಿಳಿದಿದ್ದೇವೆ. ಅವು ಮೊದಲು ಕಂಪ್ಯೂಟರಿನ ಮೆಮೊರಿಯಲ್ಲಿ ತಂಗುತ್ತವೆ, ಅಲ್ಲಿಂದ ಡಿಸ್ಕಿನೊಳಗಿನ ಪುಟ್ಟ ಮೆಮೊರಿಗೆ ಹೋಗುತ್ತವೆ, ಕೊನೆಗೆ ತಟ್ಟೆಗೆ. ಲಿನಕ್ಸ್‌ನ ಮೂಲ ಹೊಂದಾಣಿಕೆಯಲ್ಲಿ ಹೊಸದಾಗಿ ಬರೆದ ಮಾಹಿತಿ ಸುಮಾರು 30 ಸೆಕೆಂಡು ಮೆಮೊರಿಯಲ್ಲೇ ಕಾದಿರಬಹುದು; ವಿಂಡೋಸ್ ಕೂಡ ವೇಗಕ್ಕಾಗಿ ಇಂಥದ್ದೇ ಸಾಲ ಮಾಡುತ್ತದೆ. ಕಾಯುವುದರ ಬೆಲೆ ಗೊತ್ತಾಗುವುದು ಇಲ್ಲೇ. ಹ್ಯಾಂಗ್ ಎಂದು ನಾವು ಕರೆಯುವ ಸ್ಥಿತಿಗಳಲ್ಲಿ ಎಷ್ಟೋ ಸಲ ಸತ್ತಿರುವುದು ಒಂದು ಪ್ರೋಗ್ರಾಂ ಇಲ್ಲವೇ ಪರದೆಯ ಭಾಗ ಮಾತ್ರ. ಒಳಗೆ ಆಪರೇಟಿಂಗ್ ಸಿಸ್ಟಂ ಬದುಕಿದ್ದು, ಬಾಕಿ ಬರವಣಿಗೆಯನ್ನು ಡಿಸ್ಕಿಗೆ ದಾಟಿಸುತ್ತಿರುತ್ತದೆ. ಕೀಬೋರ್ಡಿನ ಕ್ಯಾಪ್ಸ್ ಲಾಕ್ ಒತ್ತಿ ನೋಡಿ: ಅದರ ದೀಪ ಹತ್ತಿ ಆರುತ್ತಿದ್ದರೆ ಒಳಗೆ ಜೀವವಿದೆ ಎಂದೇ ಸಾಮಾನ್ಯವಾಗಿ ಅರ್ಥ. ಡಬ್ಬದ ಮುಂದಿನ ಸಣ್ಣ ಡಿಸ್ಕ್ ದೀಪ ಮಿಣುಕುತ್ತಿದ್ದರೆ ಬರವಣಿಗೆಯೋ ಓದೋ ನಡೆದಿದೆ. ಆಗ ಕರೆಂಟು ತೆಗೆದರೆ ಅರ್ಧ ಬರೆದದ್ದು ಅರ್ಧಕ್ಕೇ ನಿಲ್ಲುತ್ತದೆ. ದೀಪ ಪೂರ್ತಿ ಆರಿ ಒಂದೆರಡು ನಿಮಿಷವಾಗಿದ್ದರೆ, ಡಿಸ್ಕಿನ ಒಳಮೆಮೊರಿಯಾದರೂ ಖಾಲಿಯಾಗಿರುವ ಸಂಭವ ಹೆಚ್ಚು.

ಆಮೇಲೂ ಬಲವಂತಕ್ಕೆ ಮೊದಲು ಮೆಟ್ಟಿಲುಗಳಿವೆ. ವಿಂಡೋಸ್‌ನಲ್ಲಿ ಕಂಟ್ರೋಲ್, ಆಲ್ಟ್, ಡಿಲೀಟ್ ಎಲ್ಲರಿಗೂ ಗೊತ್ತು. ವಿಂಡೋಸ್, ಕಂಟ್ರೋಲ್, ಶಿಫ್ಟ್ ಕೀಗಳ ಜೊತೆ ಬಿ ಒತ್ತಿದರೆ ಪರದೆಯ ಡ್ರೈವರ್ ಮಾತ್ರ ಹೊಸದಾಗಿ ಶುರುವಾಗುತ್ತದೆ ಎಂಬುದು ಕೆಲವರಿಗಷ್ಟೇ ಗೊತ್ತು. ಲಿನಕ್ಸ್‌ನಲ್ಲಿ ಆಲ್ಟ್ ಮತ್ತು ಪ್ರಿಂಟ್ ಸ್ಕ್ರೀನ್ ಹಿಡಿದು, ಸೆಕೆಂಡುಗಳ ಬಿಡುವು ಕೊಟ್ಟು ಎಸ್, ಯು, ಬಿ ಒತ್ತಿದರೆ ಬಾಕಿ ಮಾಹಿತಿ ಬರೆಸಿ, ಡಿಸ್ಕನ್ನು ಓದಲಷ್ಟೇ ತೆರೆದಿಟ್ಟು, ಆಮೇಲೆ ಯಂತ್ರ ಮರುಚಾಲೂ ಆಗುತ್ತದೆ. ಕೆಲವು ಆವೃತ್ತಿಗಳಲ್ಲಿ ಈ ಸೌಲಭ್ಯವನ್ನು ಮುಂಚೆಯೇ ಚಾಲೂ ಮಾಡಿಟ್ಟಿರಬೇಕು. ಯಾವುದೂ ಫಲಿಸದಿದ್ದರೆ, ಡಬ್ಬದಲ್ಲಿ ರೀಸೆಟ್ ಬಟನ್ ಇದ್ದರೆ ಅದೇ ಮೇಲು: ಅದು ಡಿಸ್ಕಿನ ಕರೆಂಟು ಕಡಿಯುವುದಿಲ್ಲ, ಡಿಸ್ಕು ತನ್ನ ಒಳಮೆಮೊರಿಯಲ್ಲಿದ್ದದ್ದನ್ನು ಬರೆದು ಮುಗಿಸಬಲ್ಲದು. ಪವರ್ ಬಟನ್ ನಾಲ್ಕು ಸೆಕೆಂಡು ಒತ್ತಿ ಹಿಡಿಯುವುದು ಅದಾದ ಮೇಲೆ. ಗೋಡೆಯ ಸ್ವಿಚ್ಚು ಎಲ್ಲಕ್ಕಿಂತ ಕೊನೆಗೆ. ನಮ್ಮ ರೂಢಿಯಲ್ಲಿ ಈ ಕ್ರಮ ಪೂರ್ತಿ ತಲೆಕೆಳಗು.

‘ಇದೆಲ್ಲ ವಿಂಡೋಸ್ 95ರ ಕಾಲದ ಪುರಾಣ, ಈಗಿನ ಫೈಲ್ ವ್ಯವಸ್ಥೆಗಳು ತಮ್ಮನ್ನು ತಾವೇ ಸರಿಪಡಿಸಿಕೊಳ್ಳುತ್ತವೆ’ ಎಂದು ತಿಳಿದವರು ಹೇಳುತ್ತಾರೆ. ಮಾತಿನಲ್ಲಿ ಹುರುಳಿದೆ. 1993ರ ವಿಂಡೋಸ್ ಎನ್‌ಟಿಯ ಜೊತೆ ಬಂದ ಎನ್‌ಟಿಎಫ್‌ಎಸ್, 2001ರಲ್ಲಿ ಲಿನಕ್ಸ್ ಸೇರಿದ ಇಎಕ್ಸ್‌ಟಿ3, ಇವೆಲ್ಲ ಮಾಡಲಿರುವ ಬದಲಾವಣೆಯನ್ನು ಮೊದಲು ಒಂದು ದಿನಚರಿಯಲ್ಲಿ ಬರೆದುಕೊಂಡು ಆಮೇಲೆ ಮಾಡುತ್ತವೆ. ನಡುವೆ ಕರೆಂಟು ಹೋದರೆ ದಿನಚರಿ ನೋಡಿ ಲೆಕ್ಕ ಸರಿಮಾಡಿಕೊಳ್ಳುತ್ತವೆ. ಆದರೆ ಆ ದಿನಚರಿ ಮುಖ್ಯವಾಗಿ ಕಾಯುವುದು ಯಾವ ಫೈಲು ಎಲ್ಲಿದೆ ಎಂಬ ಕಟ್ಟಡದ ನಕ್ಷೆಯನ್ನು. ಫೈಲಿನ ಒಳಗಿನ ನಿಮ್ಮ ಬರಹಕ್ಕೆ ಅದು ಜಾಮೀನು ನಿಲ್ಲುವುದಿಲ್ಲ. 2009ರ ಆರಂಭದಲ್ಲಿ ಉಬುಂಟು 9.04 ಆವೃತ್ತಿಯನ್ನು ಪರೀಕ್ಷಿಸುತ್ತಿದ್ದ ಬಳಕೆದಾರರಿಗೆ ಇದು ಕಣ್ಣಾರೆ ಕಂಡಿತು. ಅದರಲ್ಲಿ ಹೊಸ ಇಎಕ್ಸ್‌ಟಿ4 ವ್ಯವಸ್ಥೆ ಇತ್ತು. ಕಂಪ್ಯೂಟರ್ ಕುಸಿದು ಮತ್ತೆ ಶುರುವಾದಾಗ, ಸ್ವಲ್ಪ ಮುಂಚೆ ಬರೆಯಲಾಗಿದ್ದ ಫೈಲುಗಳು ಹೆಸರಿನ ಸಮೇತ ತಮ್ಮ ಜಾಗದಲ್ಲೇ ಇದ್ದವು. ಗಾತ್ರ ಮಾತ್ರ ಸೊನ್ನೆ. ಹಿಂದಿನ ಇಎಕ್ಸ್‌ಟಿ3 ಐದು ಸೆಕೆಂಡಿಗೊಮ್ಮೆ ಎಲ್ಲವನ್ನೂ ಡಿಸ್ಕಿಗೆ ದಾಟಿಸುತ್ತಿತ್ತು. ಇಎಕ್ಸ್‌ಟಿ4 ವೇಗಕ್ಕಾಗಿ ಜಾಗ ಹಂಚುವುದನ್ನೇ ಮುಂದೂಡುತ್ತಿತ್ತು. ಅದರ ಪ್ರಮುಖ ನಿರ್ಮಾತೃ ಥಿಯೊಡೋರ್ ಟ್ಸೊ, ಡಿಸ್ಕಿಗೆ ಬರೆಯಲೇಬೇಕು ಎಂದು ಪ್ರೋಗ್ರಾಂಗಳೇ ಸ್ಪಷ್ಟವಾಗಿ ಕೇಳಬೇಕಿತ್ತು, ನಿಯಮ ಇರುವುದು ಹಾಗೆ ಎಂದು ವಾದಿಸಿದರು. ಜೊತೆಗೆ ಸಾಮಾನ್ಯ ಸಂದರ್ಭಗಳಿಗೆ ತಿದ್ದುಪಡಿಯನ್ನೂ ಸೇರಿಸಿದರು. ನಿಯಮದ ಪ್ರಕಾರ ಅವರ ಮಾತು ಸರಿಯೇ. ಎರಡು ಬಗೆಯ ಎಂಜಿನಿಯರುಗಳ ಜಗಳದಲ್ಲಿ ಫೈಲು ಕಳೆದುಕೊಂಡವರು ಮಾತ್ರ ಮೂರನೆಯವರು.

ಎರಡನೆಯ ಆಕ್ಷೇಪ ಎಸ್‌ಎಸ್‌ಡಿಯದು. ತಟ್ಟೆಯೂ ಇಲ್ಲ, ಹೆಡ್ಡೂ ಇಲ್ಲ, ಇನ್ನೇನು ಕೆಡುವುದು? ಎಸ್‌ಎಸ್‌ಡಿಯೊಳಗೆ ಯಾವ ಮಾಹಿತಿ ಯಾವ ಚಿಪ್ಪಿನ ಯಾವ ಮೂಲೆಯಲ್ಲಿದೆ ಎಂಬ ಪಟ್ಟಿಯೊಂದು ಸದಾ ಬದಲಾಗುತ್ತಿರುತ್ತದೆ. ಬಳಕೆದಾರ ಏನೂ ಬರೆಯದಿದ್ದಾಗಲೂ ಅದು ಒಳಗಿಂದೊಳಗೆ ಜಾಗ ಸರಿಮಾಡಿಕೊಳ್ಳುತ್ತಿರಬಹುದು. ಆ ಹೊತ್ತಿಗೆ ಕರೆಂಟು ತಪ್ಪಿದರೆ ಪಟ್ಟಿಯೇ ಹರಿದುಹೋಗಬಹುದು. 2013ರಲ್ಲಿ ಅಮೆರಿಕದ ಸಂಶೋಧಕರು 15 ಎಸ್‌ಎಸ್‌ಡಿಗಳಿಗೆ ಬೇಕೆಂದೇ ಕರೆಂಟು ಕಡಿದು ಪರೀಕ್ಷಿಸಿದಾಗ 13 ಒಂದಲ್ಲ ಒಂದು ರೀತಿ ಎಡವಿದವು; ಕೆಲವು ಮಾಹಿತಿ ಕೆಡಿಸಿದವು, ಒಂದಂತೂ ಪೂರ್ತಿ ಸತ್ತೇಹೋಯಿತು. ಅಂದಿನಿಂದ ಡ್ರೈವುಗಳು ಸುಧಾರಿಸಿವೆ, ಸರ್ವರ್‌ಗಳಿಗೆ ಮಾರುವ ಹಲವು ಎಸ್‌ಎಸ್‌ಡಿಗಳಲ್ಲಿ ಕೊನೆಯ ಬರವಣಿಗೆಗೆ ಬೇಕಾದ ವಿದ್ಯುತ್ತನ್ನು ಹಿಡಿದಿಡುವ ಕೆಪಾಸಿಟರುಗಳಿವೆ. ನಾವು ಅಂಗಡಿಯಲ್ಲಿ ಅಗ್ಗಕ್ಕೆ ಕೊಳ್ಳುವ ಮಾದರಿಗಳಲ್ಲಿ ಅವು ಸಾಮಾನ್ಯವಾಗಿ ಇರುವುದಿಲ್ಲ.

ಈಗ ಮರುದಿನದ ಮಾತಿಗೆ ಬರುತ್ತೇನೆ. ನನ್ನ ದೃಷ್ಟಿಯಲ್ಲಿ ಹೆಚ್ಚು ಹಾನಿ ಇಲ್ಲೇ. ಹ್ಯಾಂಗ್ ಆದದ್ದರಿಂದ ಡಿಸ್ಕು ಕೆಟ್ಟಿತು ಎನ್ನುತ್ತೇವಲ್ಲ, ಎಷ್ಟೋ ಸಲ ಡಿಸ್ಕು ಕೆಡುತ್ತಿರುವುದರಿಂದಲೇ ಹ್ಯಾಂಗ್ ಆಗುತ್ತಿರುತ್ತದೆ. ತಟ್ಟೆಯ ಒಂದು ತುಣುಕು ಓದಲು ಬಾರದಾದಾಗ ಡಿಸ್ಕು ಮತ್ತೆ ಮತ್ತೆ ಪ್ರಯತ್ನಿಸುತ್ತದೆ, ಅಲ್ಲಿಯವರೆಗೆ ಇಡೀ ಯಂತ್ರ ಬಾಯಿ ಬಿಟ್ಟುಕೊಂಡು ಕಾಯುತ್ತದೆ. 2007ರಲ್ಲಿ ಗೂಗಲ್ ತನ್ನ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಅಧ್ಯಯನ ಪ್ರಕಟಿಸಿತು. ತಪಾಸಣೆಯಲ್ಲಿ ಮೊದಲ ಸಲ ಇಂಥ ದೋಷ ಕಂಡ ಡಿಸ್ಕು, ದೋಷವಿಲ್ಲದ ಡಿಸ್ಕಿಗಿಂತ ಮುಂದಿನ 60 ದಿನಗಳಲ್ಲಿ ಸಾಯುವ ಸಂಭವ 39 ಪಟ್ಟು ಹೆಚ್ಚು ಎಂದು ಅದರಲ್ಲಿ ಕಂಡುಬಂತು. ಅಂದರೆ ಪದೇ ಪದೇ ಹ್ಯಾಂಗ್ ಆಗುವ, ಒಂದೇ ಫೋಲ್ಡರು ತೆರೆದಾಗೆಲ್ಲ ನಿಲ್ಲುವ ಕಂಪ್ಯೂಟರು ನಮಗೆ ಸಮಯ ಕೊಡುತ್ತಿದೆ. ಆ ಸಮಯವನ್ನು ನಾವು ಕಳೆಯುವುದು ಹೇಗೆ? ರಿಪೇರಿ ಅಂಗಡಿಗೆ ಒಯ್ಯುತ್ತೇವೆ, ಅಲ್ಲಿ ಚೆಕ್‌ಡಿಸ್ಕ್ ಓಡಿಸುತ್ತಾರೆ, ಇಲ್ಲವೇ ‘ಫಾರ್ಮ್ಯಾಟ್ ಮಾಡಿಬಿಡೋಣ ಸಾರ್’ ಎನ್ನುತ್ತಾರೆ. ಚೆಕ್‌ಡಿಸ್ಕ್ ಸರಿಪಡಿಸುವುದು ನಕ್ಷೆಯನ್ನು. ನಕ್ಷೆ ಸರಿಯಾಗಲು ನಿಮ್ಮ ಫೈಲಿನ ತುಂಡುಗಳನ್ನು ಕಿತ್ತು ‘ಫೌಂಡ್.000’ ಎಂಬ ಫೋಲ್ಡರಿನಲ್ಲಿ ಹೆಸರಿಲ್ಲದ ರಾಶಿಯಾಗಿ ಹಾಕಲೂ ಅದು ಹಿಂಜರಿಯುವುದಿಲ್ಲ. ಜೊತೆಗೆ, ಸಾಯುತ್ತಿರುವ ಡಿಸ್ಕನ್ನು ಮೂಲೆಮೂಲೆ ಓದಿಸಿ ಗಂಟೆಗಟ್ಟಲೆ ದುಡಿಸುತ್ತದೆ. ಮೊದಲು ಬೇಕಾದದ್ದನ್ನು ಬೇರೆ ಡಿಸ್ಕಿಗೆ ನಕಲು ಮಾಡಿ, ದುರಸ್ತಿ ಆಮೇಲೆ. ಲಿನಕ್ಸ್‌ನ ಡಿಡಿರೆಸ್ಕ್ಯೂ ಎಂಬ ಪುಕ್ಕಟೆ ಸಾಧನ ಮೊದಲು ಸುಲಭವಾಗಿ ಓದಲು ಸಿಗುವ ಭಾಗಗಳನ್ನೆಲ್ಲ ಎತ್ತಿಕೊಂಡು, ಕೆಟ್ಟ ಜಾಗಗಳಿಗೆ ಕೊನೆಗೆ ಹಿಂದಿರುಗುತ್ತದೆ. ರಿಪೇರಿ ಅಂಗಡಿಯವರು ಇದನ್ನು ಕಲಿತರೆ ಗಿರಾಕಿಗಳ ಎಷ್ಟೋ ಮದುವೆ ಆಲ್ಬಮ್ಮುಗಳು ಉಳಿದಾವು.

ಎಚ್ಚರಿಕೆ ಬಂದ ಮೇಲೆ ನಕಲು ಮಾಡಿಕೊಂಡರಾಯಿತು ಎಂದು ಮಾತ್ರ ಕೂರಬೇಡಿ. ಅದೇ ಗೂಗಲ್ ಅಧ್ಯಯನದಲ್ಲಿ, ಸತ್ತ ಡಿಸ್ಕುಗಳ ಪೈಕಿ 56 ಪ್ರತಿಶತಕ್ಕೂ ಹೆಚ್ಚಿನವು ನಾಲ್ಕು ಪ್ರಬಲ ಸೂಚನೆಗಳಲ್ಲಿ ಒಂದನ್ನೂ ತೋರಿಸದೆ ಹೋಗಿದ್ದವು. ‘ನಮ್ಮದೆಲ್ಲ ಕ್ಲೌಡಿನಲ್ಲಿದೆ’ ಎನ್ನುವವರಿಗೂ ಒಂದು ಮಾತು: ಕ್ಲೌಡು ಬಹುಪಾಲು ತಾನು ಕಂಡದ್ದನ್ನೇ ನಕಲು ಮಾಡುತ್ತದೆ, ಸೊನ್ನೆ ಗಾತ್ರದ ಫೈಲನ್ನೂ ಅಷ್ಟೇ ನಿಷ್ಠೆಯಿಂದ. ಹಳೆಯ ಆವೃತ್ತಿಗಳನ್ನು ಉಳಿಸುವ ಸೌಲಭ್ಯ ಚಾಲೂ ಇದೆಯೇ, ಎಷ್ಟು ದಿನಕ್ಕೆ ಎಂಬುದನ್ನು ಮೊದಲು ನೋಡಿಕೊಳ್ಳಿ. ನಮ್ಮ ಮುದ್ರಣಾಲಯಗಳ ಪುಟಗಳು, ಅಂಗಡಿಗಳ ಲೆಕ್ಕದ ಫೈಲುಗಳು, ನುಡಿ ಮತ್ತು ಬರಹದಲ್ಲಿ ಟೈಪ್ ಮಾಡಿಟ್ಟ ವರ್ಷಗಳ ಕೆಲಸ ಈಗಲೂ ಹೆಚ್ಚಾಗಿ ಇರುವುದು ಮೇಜಿನ ಕೆಳಗಿನ ಡಬ್ಬದಲ್ಲೇ.

‘ಕೌಂಟರ್ ಮುಂದೆ ಜನ ಸಾಲುಗಟ್ಟಿ ನಿಂತಾಗ ದೀಪ ನೋಡುತ್ತ ಕೂರಲು ಪುರುಸೊತ್ತೆಲ್ಲಿ’ ಎಂಬ ಪ್ರಶ್ನೆ ನ್ಯಾಯವಾದದ್ದು, ಅದನ್ನು ನೌಕರನ ಮೇಲೆ ಹೊರಿಸಲು ನನಗೆ ಮನಸ್ಸಿಲ್ಲ. ಎರಡು ನಿಮಿಷ ಕಾಯುವ ಬಿಡುವು, ಯುಪಿಎಸ್, ನಕಲು ಇಡುವ ಡಿಸ್ಕು, ಇವುಗಳನ್ನು ಒದಗಿಸಬೇಕಾದ್ದು ಕಂಪ್ಯೂಟರು ಕೊಡಿಸಿದವರು. ಹಲವು ಕಡೆ ಇನ್ವರ್ಟರ್ ಇದೆಯೆಂದು ಯುಪಿಎಸ್ ಬಿಟ್ಟಿದ್ದಾರೆ. ಕರೆಂಟು ಹೋದಾಗ ಇನ್ವರ್ಟರ್ ಎಚ್ಚರಾಗುವ ಕ್ಷಣದಲ್ಲೇ ಕಂಪ್ಯೂಟರು ರೀಸ್ಟಾರ್ಟ್ ಆಗುತ್ತದೆ. ಇನ್ವರ್ಟರಿನ ಹಿಂಬದಿಯಲ್ಲಿ ಯುಪಿಎಸ್ ಮೋಡ್ ಎಂಬ ಗುಂಡಿ ಇದ್ದರೆ ಅದನ್ನು ಆ ಕಡೆಗೆ ತಿರುಗಿಸಿದರೂ ಬೇಕಾದಷ್ಟಾಯಿತು. ತಯಾರಕರ ಮೇಲೂ ದೂರಿದೆ: ಅಂದದ ಹೆಸರಿನಲ್ಲಿ ಎಷ್ಟೋ ಹೊಸ ಲ್ಯಾಪ್‌ಟಾಪುಗಳಿಂದ ಡಿಸ್ಕ್ ದೀಪವನ್ನೇ ಕಿತ್ತುಹಾಕಿದ್ದಾರೆ. ಒಳಗೆ ಕೆಲಸ ನಡೆದಿದೆಯೋ ಇಲ್ಲವೋ ತಿಳಿಯುವ ಒಂದೇ ಒಂದು ಕಿಟಕಿಯನ್ನೂ ಮುಚ್ಚಿ, ಬಳಕೆದಾರ ಅವಸರ ಮಾಡಿದ ಎಂದರೆ ಒಪ್ಪುವುದು ಹೇಗೆ? ಶಾಲೆ, ಪಂಚಾಯಿತಿ, ಸಂಘ ಸಂಸ್ಥೆಗಳಿಗೆ ಕಂಪ್ಯೂಟರ್ ಕೊಳ್ಳುವ ಅಧಿಕಾರ ಇರುವವರು ಮುಂದಿನ ಟೆಂಡರಿನಲ್ಲಿ ಪ್ರತಿ ಡೆಸ್ಕ್‌ಟಾಪಿಗೆ ಒಂದು ಯುಪಿಎಸ್, ಪ್ರತಿ ಕಚೇರಿಗೆ ಒಂದು ಬ್ಯಾಕಪ್ ಡಿಸ್ಕು ಎಂಬ ಎರಡು ಸಾಲು ಸೇರಿಸಲಿ, ವಾರಕ್ಕೊಮ್ಮೆ ನಕಲು ತೆಗೆಯುವ ಕೆಲಸವನ್ನು ಒಬ್ಬರ ಹೆಸರಿಗೆ ಬರೆಯಲಿ.