ನೋಂದಣಿ ಫಲಕದಲ್ಲಿ ಕನ್ನಡಕ್ಕೊಂದು ಸಾಲು ಬೇಕು

ಜರ್ಮನಿಯ ಹೆದ್ದಾರಿಯಲ್ಲಿ ‘ಕೆಎ’ ಎಂದು ಆರಂಭವಾಗುವ ಫಲಕ ಕಂಡಾಗ ಕ್ಷಣಕಾಲ ಪುಳಕಗೊಳ್ಳದ ಕನ್ನಡಿಗರು ವಿರಳ. ಆದರೆ ಆ ವಾಹನ ಕಾರ್ಲ್ಸ್‌ರೂಹೆಯದು. ನಾವು ನಕ್ಕು ಮುಂದೆ ಸಾಗುತ್ತೇವೆ. ನಗುವಿನ ಹಿಂದಿನ ಸತ್ಯ ಮಾತ್ರ ಕಹಿಯಾದುದು: ನಾಡಿನ ಗುರುತೆಂದು ನಾವು ಅಭಿಮಾನಪಡುವ ಆ ಎರಡು ರೋಮನ್ ಅಕ್ಷರಗಳಲ್ಲಿ ಕನ್ನಡದ್ದೆನ್ನುವಂಥದ್ದು ಏನೂ ಇಲ್ಲ.

ಒಂದು ಕಾಲಕ್ಕೆ ನಮ್ಮ ವಾಹನಗಳ ಮೇಲೆ ‘ಎಂವೈ’, ‘ಸಿಎ’ ಎಂದು ಮೊದಲಾಗುವ ಮೂರಕ್ಷರದ ಸರಣಿಗಳಿದ್ದವು. 1988ರ ಮೋಟಾರು ವಾಹನ ಕಾಯ್ದೆ 1989ರಲ್ಲಿ ಜಾರಿಗೆ ಬಂದ ಬಳಿಕ ‘ಕೆಎ’ ಬಂತು. ಜೊತೆಗೆ ಸಾರಿಗೆ ಕಚೇರಿಯ ಸಂಖ್ಯೆ: ಮೈಸೂರಿಗೆ 09, ಮಂಗಳೂರಿಗೆ 19, ಧಾರವಾಡಕ್ಕೆ 25, ಬೀದರಿಗೆ 38. ಖಾಸಗಿ ವಾಹನಕ್ಕೆ ಬಿಳಿ ಫಲಕ, ಬಾಡಿಗೆಯದಕ್ಕೆ ಹಳದಿ, ವಿದ್ಯುತ್ ವಾಹನಕ್ಕೆ ಹಸಿರು. ಬಣ್ಣಗಳಿಗೆ ಇಷ್ಟು ಉದಾರವಾದ ವ್ಯವಸ್ಥೆ ಭಾಷೆಯ ವಿಷಯದಲ್ಲಿ ಕೃಪಣವಾಯಿತು. ಅಕ್ಷರಗಳು ಇಂಗ್ಲಿಷಿನಲ್ಲಿ, ಅಂಕಿಗಳು ಅರೇಬಿಕ್ ರೂಪದಲ್ಲಿಯೇ ಇರಬೇಕೆಂಬುದು ಕೇಂದ್ರ ಮೋಟಾರು ವಾಹನ ನಿಯಮಗಳ 50ನೆಯ ನಿಯಮದ ಕಟ್ಟಳೆ. ಅಂಗಡಿಯ ನಾಮಫಲಕದಲ್ಲಿ ಶೇಕಡ 60ರಷ್ಟು ಕನ್ನಡವಿರಬೇಕೆಂದು 2024ರಲ್ಲಿ ಕಾಯ್ದೆ ತಿದ್ದಿದ ರಾಜ್ಯದಲ್ಲಿ, ಅದೇ ಅಂಗಡಿಯ ಮುಂದೆ ನಿಂತ ವಾಹನದ ಫಲಕದಲ್ಲಿ ಕನ್ನಡದ ಪಾಲು ಸೊನ್ನೆ.

ಕನ್ನಡ ಬರೆದರೆ ಕ್ಯಾಮೆರಾಗಳು ಓದಲಾರವು, ಹೊರರಾಜ್ಯದ ಪೊಲೀಸರಿಗೆ ತಿಳಿಯದು ಎಂಬ ಆಕ್ಷೇಪವಿದೆ. ಇರುವುದನ್ನು ಅಳಿಸಿರೆಂದು ಕೇಳಿದರೆ ತಾನೇ ಈ ತೊಡಕು? ನಾವು ಕೇಳುತ್ತಿರುವುದು ಸೇರ್ಪಡೆಯನ್ನು. ಸೌದಿ ಅರೇಬಿಯದ ಫಲಕದಲ್ಲಿ ಅರಬ್ಬಿ ಮತ್ತು ರೋಮನ್ ಲಿಪಿಗಳು ಒಟ್ಟಿಗೇ ಇವೆ. ಥಾಯ್ಲೆಂಡಿನ ಫಲಕದಲ್ಲಿ ಪ್ರಾಂತ್ಯದ ಹೆಸರು ಥಾಯ್ ಲಿಪಿಯಲ್ಲಿದೆ. 1968ರ ವಿಯೆನ್ನಾ ರಸ್ತೆ ಸಂಚಾರ ಒಪ್ಪಂದವೂ ಅನ್ಯ ಲಿಪಿಯನ್ನು ನಿಷೇಧಿಸುವುದಿಲ್ಲ. ರೋಮನ್ ಅಕ್ಷರ, ಅರೇಬಿಕ್ ಅಂಕಿಗಳಲ್ಲಿ ಪುನರುಕ್ತವಾಗಿರಬೇಕೆನ್ನುತ್ತದೆ, ಅಷ್ಟೆ. ಈ ಜರ್ಮನಿಯಾದರೂ ಟ್ಯೂಬಿಂಗೆನ್, ವ್ಯೂರ್ಟ್ಸ್‌ಬುರ್ಗ್‌ಗಳ ಸಂಕೇತದಲ್ಲಿ ತನ್ನ ಭಾಷೆಯ ಎರಡು ಚುಕ್ಕೆಗಳನ್ನು ಯಂತ್ರದ ಅನುಕೂಲಕ್ಕೆಂದು ಒರಸಿಹಾಕಿಲ್ಲ.

ತಗಡಿನ ತುಂಡಿಗೇಕೆ ಇಷ್ಟು ರಂಪವೆಂದು ಕೇಳುವವರು ವಾನೆ-ಐಕೆಲ್ ಪಟ್ಟಣವನ್ನು ನೆನೆಯಲಿ. 1975ರಲ್ಲಿ ಅದು ಹೆರ್ನೆ ನಗರದೊಳಗೆ ವಿಲೀನವಾಯಿತು. ಅದರ ಸಂಕೇತವೂ ಮರೆಯಾಯಿತು. 2012ರಲ್ಲಿ ಜರ್ಮನಿ ಹಳೆಯ ಸಂಕೇತಗಳಿಗೆ ಮತ್ತೆ ಅವಕಾಶ ಕೊಟ್ಟಾಗ ಮೂರು ದಶಕ ದಾಟಿದ ಆ ಅಕ್ಷರಗಳು ರಸ್ತೆಗೆ ಮರಳಿದವು. ಊರಿನ ಗುರುತು ಜನರಿಗೆ ತಗಡಿಗಿಂತ ದೊಡ್ಡದು; ಸರ್ಕಾರ ಅದಕ್ಕೆ ಕಿವಿಗೊಟ್ಟಿತು.

ಕನ್ನಡ ಅಂಕಿಗಳನ್ನಷ್ಟೇ ಬರೆಸಿಕೊಂಡು ದಂಡ ತೆರುವ ಅಭಿಮಾನಿಗಳ ಕೆಚ್ಚಿಗೆ ವಂದನೆ. ಅವರ ದಾರಿಗೆ ಅಲ್ಲ. ಅಪಘಾತ ಮಾಡಿ ಓಡುವ ವಾಹನವನ್ನು ಯಾರೂ ಗುರುತಿಸುವಂತಿರಬೇಕೆಂಬ ವಾದ ನ್ಯಾಯವಾದದ್ದು. ಅದನ್ನು ಕಡೆಗಣಿಸಿದರೆ ವಿರೋಧಿಗಳ ಕೈಗೆ ನಾವೇ ಕೋಲು ಕೊಟ್ಟಂತೆ. ಸಂಖ್ಯೆ ಈಗಿರುವಂತೆಯೇ ಇರಲಿ. ಅದರಡಿಯಲ್ಲಿ ‘ಧಾರವಾಡ’ ಎಂದೋ ‘ಬೀದರ್’ ಎಂದೋ ಕನ್ನಡದಲ್ಲಿ ಒಂದು ಸಾಲು ಮೂಡಲಿ. ತಮಿಳುನಾಡಿನವರು ತಮಿಳಿನಲ್ಲಿ, ಬಂಗಾಳದವರು ಬಂಗಾಳಿಯಲ್ಲಿ ಬರೆದುಕೊಳ್ಳಲಿ.

ಹಳೆಯ ವಾಹನಗಳಿಗೂ ಅತಿ ಸುರಕ್ಷಿತ ಫಲಕ ಕಡ್ಡಾಯವೆಂದು ರಾಜ್ಯ ಸರ್ಕಾರ 2023ರಲ್ಲಿ ಆದೇಶಿಸಿತು. ನಾಡಿನ ಫಲಕಗಳೆಲ್ಲ ಹೊಸದಾಗಿ ಅಚ್ಚಾಗುವ ಅಂಥ ಸಂದರ್ಭದಲ್ಲೂ ಕನ್ನಡಕ್ಕೆ ಒಂದಂಗುಲ ಜಾಗ ದೊರೆಯಲಿಲ್ಲ. ಇನ್ನೂ ಸುಮ್ಮನಿರುವುದು ತರವಲ್ಲ. ನಿಯಮ ತಿದ್ದುವ ಅಧಿಕಾರ ಕೇಂದ್ರದ್ದು. ಒತ್ತಾಯಿಸುವ ಹೊಣೆ ವಿಧಾನಮಂಡಲದ್ದು ಮತ್ತು ನಾಡಿನ 28 ಲೋಕಸಭಾ ಸದಸ್ಯರದು. ರಾಜ್ಯೋತ್ಸವದ ವೇದಿಕೆಯಲ್ಲಿ ಬಾವುಟ ಬೀಸುವ ನಾವು, ಈ ಸಲ ನಮ್ಮ ನಮ್ಮ ಕ್ಷೇತ್ರದ ಸಂಸದರಿಗೆ ಒಂದು ಪತ್ರವನ್ನೂ ಬರೆಯೋಣ, ಕನ್ನಡದಲ್ಲಿಯೇ ಬರೆಯೋಣ.